301 ರನ್ ಕೊಟ್ಟವನ ಲೆಕ್ಕ

ನಮ್ಮ ಕಡೆ ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಟೆನಿಸ್ ಬಾಲ್ ಟೂರ್ನಿ ನಡೆಯುವುದು ನಿಮಗೆ ಗೊತ್ತಿದ್ದದ್ದೇ. ಶಾಮಿಯಾನ, ಮೈಕು, ಒಂದು ಮುರುಕು ಟೇಬಲ್ಲು. ಆ ಟೇಬಲ್ಲಿನ ಹಿಂದೆ ಸ್ಕೋರ್ ಬರೆಯುವವ. ಅಂಥದ್ದೊಂದು ಮ್ಯಾಚಿನಲ್ಲಿ ಒಬ್ಬ ಹುಡುಗ ಒಂದೇ ಓವರಿನಲ್ಲಿ ಇಪ್ಪತ್ತೆಂಟು ರನ್ ಕೊಟ್ಟ. ಓವರ್ ಮುಗಿದದ್ದೇ ಟೇಬಲ್ ಹತ್ತಿರ ಬಂದು ಸ್ಕೋರರನ ಕಿವಿಯಲ್ಲಿ ಅಂದ, "ಅಣ್ಣಾ, ಕಡೀ ಫೋರ್ ಬೈ ಅಂತ ಬರದಬಿಡೋ."

"ಬ್ಯಾಟಿಗೆ ಹತ್ತೇತಿ."

"ಸ್ವಲ್ಪನ ಹತ್ತೇತಿ."

"ಸ್ವಲ್ಪ ಹತ್ತಿದ್ರೂ ನಿನ್ನ ಖಾತೆಗೇ ಹೋಗೂದು, ನಡಿ."

ಹುಡುಗ ಜಾಣ. ಬೈ ಓಡಿದರೆ ಆ ರನ್ ತಂಡಕ್ಕೆ ಸೇರುತ್ತದೆ, ಬೌಲರನ ಹೆಸರಿನ ಮುಂದೆ ಬರುವುದಿಲ್ಲ ಅನ್ನುವುದು ಅವನಿಗೆ ಗೊತ್ತು. ರನ್ ಹೋದದ್ದಕ್ಕಿಂತ ಅದು ತನ್ನ ಹೆಸರಿನ ಮುಂದೆ ಬರೆಸಿಕೊಂಡು ಉಳಿಯುತ್ತದಲ್ಲ, ಅದು ಅವನಿಗೆ ಚಿಂತೆ. ಅವನ ಮುಖ ನೋಡಿದಾಗ ನನಗೆ ಎಂಬತ್ತು ವರ್ಷದ ಹಿಂದಿನ ಒಬ್ಬ ಬೌಲರ್ ನೆನಪಾದ. ಆತ ಒಂದು ಓವರಿನಲ್ಲಲ್ಲ, ಒಂದು ಇನಿಂಗ್ಸಿನಲ್ಲಿ 301 ರನ್ ಕೊಟ್ಟ. ಆ ಅಂಕಿ ಇವತ್ತಿಗೂ ಅಳಿಸಿಲ್ಲ.

ಆತನ ಹೆಸರು ಬಿ.ಕೆ. ಗರುಡಾಚಾರ್. ಮೈಸೂರು ತಂಡದವರು. ಪಂದ್ಯ 1945-46ರ ರಣಜಿ ಟ್ರೋಫಿ ಸೆಮಿಫೈನಲ್, ಇಂದೋರಿನಲ್ಲಿ. ಎದುರಾಳಿ ಹೋಳ್ಕರ್.

ಇಂದೋರನ್ನು ಆಳುತ್ತಿದ್ದ ಹೋಳ್ಕರ್ ಮನೆತನದ ಹೆಸರಿನ ತಂಡ ಅದು. ಆಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ರಣಜಿಯಲ್ಲಿ ಬರೋಡಾ, ಮೈಸೂರು, ಹೈದರಾಬಾದ್, ಹೋಳ್ಕರ್ ಎಂದು ಸಂಸ್ಥಾನಗಳ ಹೆಸರಿನ ತಂಡಗಳು ಆಡುತ್ತಿದ್ದವು. ಇವತ್ತು ಐಪಿಎಲ್ ಮಾಲೀಕರು ಆಟಗಾರರನ್ನು ಕೊಳ್ಳುತ್ತಾರಲ್ಲ, ಆಗ ಆ ಕೆಲಸ ಮಹಾರಾಜರದ್ದು. ಹರಾಜು ಇರಲಿಲ್ಲ, ನೌಕರಿ ಇತ್ತು. ಇಂದೋರಿನ ಯಶವಂತರಾವ್ ಹೋಳ್ಕರ್ ಒಳ್ಳೆಯ ಆಟಗಾರರನ್ನು ಕರೆಸಿ ಸಂಸ್ಥಾನದಲ್ಲಿ ಕೆಲಸ ಕೊಟ್ಟು ಇಟ್ಟುಕೊಳ್ಳುತ್ತಿದ್ದರು. ಭಾರತದ ಮೊದಲ ಟೆಸ್ಟ್ ನಾಯಕ ಸಿ.ಕೆ. ನಾಯ್ಡು ಅಲ್ಲಿನ ಸೈನ್ಯದಲ್ಲಿ ಅಧಿಕಾರಿ. ಹಾಗಾಗಿಯೇ ಅವರನ್ನು ಎಲ್ಲರೂ ಕರ್ನಲ್ ಅನ್ನುತ್ತಿದ್ದರು. ಅವರ ಸುತ್ತ ಕಟ್ಟಿದ ತಂಡ 1945-46ರಿಂದ 1952-53ರವರೆಗಿನ ಎಂಟು ಸೀಸನ್‌ಗಳಲ್ಲಿ ನಾಲ್ಕು ಸಲ ರಣಜಿ ಗೆದ್ದಿತು.

ಇಂಥ ತಂಡದ ಮುಂದೆ ಮೈಸೂರು ನಿಂತಿತ್ತು. ಮೈಸೂರಿನ ಹಿಂದಿನ ದಾಖಲೆಯೂ ಹೇಳಿಕೊಳ್ಳುವಂಥದ್ದಲ್ಲ. 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕಿನಲ್ಲಿ ರಣಜಿಯ ಮೊಟ್ಟಮೊದಲ ಪಂದ್ಯ ಆಡಿದ್ದು ಇದೇ ಮೈಸೂರು. ಮೊದಲ ಇನಿಂಗ್ಸಿನಲ್ಲಿ 48, ಎರಡನೆಯದರಲ್ಲಿ 59. ಮದ್ರಾಸ್ ಒಂದೇ ಸಲ ಬ್ಯಾಟ್ ಮಾಡಿ 130 ಹೊಡೆದು, ಇನಿಂಗ್ಸ್ ಮತ್ತು 23 ರನ್ನಿನಿಂದ ಗೆದ್ದಿತು. ಎಲ್ಲ ಒಂದೇ ದಿನದಲ್ಲಿ ಮುಗಿದುಹೋಯಿತು. 1941-42ರಲ್ಲಿ ಫೈನಲ್‌ವರೆಗೆ ಹೋದಾಗಲೂ ಮುಂಬಯಿ ಎದುರು 68ಕ್ಕೆ ಆಲೌಟ್.

ಈಗ ಇಂದೋರಿನ ಲೆಕ್ಕ ನೋಡೋಣ. ಹೋಳ್ಕರ್ 8 ವಿಕೆಟಿಗೆ 912 ರನ್ ಹೊಡೆದು ಡಿಕ್ಲೇರ್ ಮಾಡಿತು.

ಆ 912ರಲ್ಲಿ ಆರು ಜನರ ಶತಕ. ಭಾಂಡಾರ್ಕರ್ 142, ಸರವಟೆ 101, ಜಗದಾಳೆ 164, ಸಿ.ಕೆ. ನಾಯ್ಡು 101, ನಿಂಬಾಳ್ಕರ್ 172, ಪ್ರತಾಪ್ ಸಿಂಗ್ 100. ಒಂದು ತಂಡ ಒಂದೇ ಇನಿಂಗ್ಸಿನಲ್ಲಿ ಆರು ಶತಕ ಹೊಡೆದದ್ದು ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅದೇ ಮೊದಲು. 1901ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ತಂಡ 918 ಹೊಡೆದಾಗಲೂ ಐದೇ ಶತಕ ಬಂದಿದ್ದವು. ಆ ಆರರಲ್ಲಿ ನನಗೆ ಹೆಚ್ಚು ಆಶ್ಚರ್ಯ ನಾಯ್ಡು ಅವರದ್ದು. ಅವರು ಹುಟ್ಟಿದ್ದು 1895ರ ಅಕ್ಟೋಬರ್ ಕೊನೆಯಲ್ಲಿ. ಅಂದರೆ ಐವತ್ತು ತುಂಬಿತ್ತು. ನಮ್ಮೂರಿನಲ್ಲಿ ಐವತ್ತಾದವರು ಟೂರ್ನಿಗೆ ಬಂದರೆ ಅಂಪೈರ್ ಮಾಡುತ್ತಾರೆ, ಇಲ್ಲ ಬಹುಮಾನ ಕೊಡುತ್ತಾರೆ.

ಆರೂ ಶತಕ ಕೂಡಿಸಿದರೆ 780. ಉಳಿದ 132 ಬೇರೆ ಬ್ಯಾಟ್ಸ್‌ಮನ್‌ಗಳದ್ದು ಮತ್ತು ಇತರೆ ರನ್.

ಬೌಲಿಂಗ್ ಪಟ್ಟಿಯಲ್ಲಿ ಗರುಡಾಚಾರ್ ಹೆಸರಿನ ಮುಂದೆ ಹೀಗಿದೆ: 69 ಓವರ್, 301 ರನ್, 4 ವಿಕೆಟ್.

69 ಓವರ್ ಅಂದರೆ 414 ಎಸೆತ. ಈಗ ಒಂದು ದಿನದ ಪಂದ್ಯದಲ್ಲಿ ಒಬ್ಬ ಬೌಲರ್ ಹೆಚ್ಚೆಂದರೆ 10 ಓವರ್ ಹಾಕಬಹುದು, ಟಿ20ಯಲ್ಲಿ 4. ಏಳು ಒಂದು ದಿನದ ಪಂದ್ಯಗಳ ಬೌಲಿಂಗನ್ನು ಗರುಡಾಚಾರ್ ಒಂದೇ ಇನಿಂಗ್ಸಿನಲ್ಲಿ ಮಾಡಿದ ಹಾಗಾಯಿತು. ಅವರು ಲೆಗ್ ಸ್ಪಿನ್ನರ್. ಬೆರಳು, ಮಣಿಕಟ್ಟು, ಭುಜ ಮೂರೂ ಸವೆಯುವ ಬೌಲಿಂಗ್ ಅದು. ಚೆಂಡು ಚೂರು ಗಿಡ್ಡ ಬಿದ್ದರೆ ಬೌಂಡರಿ, ಚೂರು ಉದ್ದ ಬಿದ್ದರೂ ಬೌಂಡರಿ.

ಇಲ್ಲಿ ಒಂದು ಸಣ್ಣ ನಿಯಮ ಹೇಳಿಬಿಡುತ್ತೇನೆ. ಈಗ ವೈಡ್, ನೋಬಾಲ್ ರನ್ನುಗಳು ಬೌಲರನ ಖಾತೆಗೆ ಸೇರುತ್ತವೆ. ಆ ಕಾಲದಲ್ಲಿ ಹಾಗಿರಲಿಲ್ಲ. ಅವು ಇತರೆ ರನ್ನಿಗೆ ಮಾತ್ರ ಹೋಗುತ್ತಿದ್ದವು, ಬೌಲರನ ಲೆಕ್ಕಕ್ಕೆ ಸೇರತೊಡಗಿದ್ದು 1980ರ ದಶಕದಲ್ಲಿ. ಅಂದರೆ ಗರುಡಾಚಾರ್ ಅವರ 301 ಪೂರ್ತಿ ಬ್ಯಾಟಿನಿಂದ ಬಂದದ್ದು. ನಮ್ಮ ಹುಡುಗನ ಹಾಗೆ "ಬೈ ಅಂತ ಬರಿ" ಅನ್ನಲಿಕ್ಕೂ ಅದರಲ್ಲಿ ಜಾಗವಿಲ್ಲ.

ಹೆಚ್ಚು ರನ್ ಕೊಟ್ಟ ಬೌಲರುಗಳ ಪಟ್ಟಿ ಎಲ್ಲೇ ಬರಲಿ, ಈ 301 ಅಲ್ಲಿರುತ್ತದೆ. ಅದರ ಮೇಲೆ 1926ರಲ್ಲಿ ಮೆಲ್ಬರ್ನಿನಲ್ಲಿ ವಿಕ್ಟೋರಿಯಾ ತಂಡ 1107 ಹೊಡೆದಾಗ ಆರ್ಥರ್ ಮೇಲಿ ಕೊಟ್ಟ 362. ಮೇಲಿಗೂ ನಾಲ್ಕೇ ವಿಕೆಟ್. ಅವರೂ ಲೆಗ್ ಸ್ಪಿನ್ನರೇ. ಇಂಥ ಪಟ್ಟಿ ಓದುವವರು ಒಂದು ಸಾಲು ಓದಿ, "ಅಯ್ಯೋ ಪಾಪ" ಅಂದು ಮುಂದೆ ಹೋಗುತ್ತಾರೆ. ಮೊದಲ ಸಲ ನೋಡಿದಾಗ ನಾನೂ ಹಾಗೇ ಮಾಡಿದೆ.

ಆಮೇಲೊಮ್ಮೆ ಫೋನಿನಲ್ಲೇ ಕ್ಯಾಲ್ಕುಲೇಟರ್ ತೆಗೆದು ಕೂತೆ. 912ರಲ್ಲಿ 301 ಅಂದರೆ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು. ಆದರೆ ಬಿದ್ದ ಎಂಟು ವಿಕೆಟಿನಲ್ಲಿ ಗರುಡಾಚಾರ್ ಅವರದ್ದು ನಾಲ್ಕು, ಸರಿಯಾಗಿ ಅರ್ಧ. ಅವರು ಒಂದು ವಿಕೆಟಿಗೆ 75 ರನ್ ಕೊಟ್ಟರು. ಉಳಿದ 611ರಲ್ಲಿ ಇತರೆ ರನ್ ಧಾರಾಳವಾಗಿ ಕಳೆದರೂ, ಮಿಕ್ಕ ಬೌಲರುಗಳೆಲ್ಲ ಸೇರಿ ಒಂದೊಂದು ವಿಕೆಟಿಗೆ ನೂರು ದಾಟಿ ಎಷ್ಟೋ ಮುಂದೆ ಕೊಟ್ಟಿದ್ದಾರೆ. ಆ ದಿನ ಮೈಸೂರಿನ ಕಡೆ ಎಲ್ಲರಿಗಿಂತ ಚೆನ್ನಾಗಿ ಬೌಲ್ ಮಾಡಿದವರು ಈ 301ರ ಮನುಷ್ಯನೇ. ಚೆನ್ನಾಗಿ ಬೌಲ್ ಮಾಡಿದ್ದಕ್ಕೇ ನಾಯಕ ಮತ್ತೆ ಮತ್ತೆ ಅವರ ಕೈಗೇ ಚೆಂಡು ಕೊಟ್ಟಿರಬೇಕು, 69 ಓವರ್ ಆದದ್ದೂ ಹಾಗೆಯೇ ಇರಬೇಕು. ಕೆಟ್ಟದಾಗಿ ಹಾಕಿದವನಿಗೆ ಯಾರೂ 69 ಓವರ್ ಕೊಡುವುದಿಲ್ಲ. ಹತ್ತು ಓವರಿಗೆ ತೆಗೆದುಬಿಡುತ್ತಾರೆ, ಅವನ ಹೆಸರು ಯಾವ ದಾಖಲೆಗೂ ಸೇರದೆ ಉಳಿಯುತ್ತದೆ.

ನಮ್ಮ ಮನೆಗಳಲ್ಲೂ ಇದು ಹೊಸದಲ್ಲ. ಹೆಚ್ಚು ದುಡಿಯುವವನ ಮೇಲೇ ಹೆಚ್ಚು ತಪ್ಪು ಬರುತ್ತದೆ.

ಸ್ಕೋರ್ ಕಾರ್ಡಿನಲ್ಲಿ ಇನ್ನೂ ಒಂದು ಅನ್ಯಾಯ ಇದೆ. ಬ್ಯಾಟ್ಸ್‌ಮನ್ ಹೊಡೆದ ಪ್ರತಿ ರನ್ನಿಗೂ ಒಂದು ಬೌಲರ್ ಹೆಸರು ಗಂಟು ಬೀಳುತ್ತದೆ. ಹಿಡಿದ ಕ್ಯಾಚಿಗೆ ಹಿಡಿದವನ ಹೆಸರು ಬರುತ್ತದೆ. ಬಿಟ್ಟ ಕ್ಯಾಚಿಗೆ ಯಾರ ಹೆಸರೂ ಇಲ್ಲ. 912 ರನ್ನಿನ ಇನಿಂಗ್ಸಿನಲ್ಲಿ ಎಷ್ಟು ಕ್ಯಾಚ್ ಕೈತಪ್ಪಿದವು, ಎಷ್ಟು ಚೆಂಡು ಕಾಲ ಸಂದಿಯಲ್ಲಿ ಹೋದವು, ಅದೆಲ್ಲ ಬಿಸಿಲಲ್ಲಿ ನಿಂತಿದ್ದವರ ಜೊತೆಗೇ ಹೋಯಿತು. ಕಾಗದದ ಮೇಲೆ ಉಳಿದದ್ದು ಬೌಲರನ ಸಾಲ ಮಾತ್ರ. ಸೊಸೈಟಿ ಸಾಲದ ಪಟ್ಟಿ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಷ್ಟು ಬಾಕಿ ಎಂದು ಅಲ್ಲಿರುತ್ತದೆ. ಯಾವ ವರ್ಷ ಮಳೆ ಬರಲಿಲ್ಲ ಅನ್ನುವುದು ಇರುವುದಿಲ್ಲ.

ಪಂದ್ಯ ಅಲ್ಲಿಗೇ ಮುಗಿಯಲಿಲ್ಲ. ಮೈಸೂರು ಮೊದಲ ಇನಿಂಗ್ಸಿನಲ್ಲಿ 190ಕ್ಕೆ ಆಲೌಟ್ ಆಯಿತು. ಶತಕ ಹೊಡೆದ ಚಂದು ಸರವಟೆಯೇ ಬೌಲಿಂಗಿನಲ್ಲೂ 61 ರನ್ನಿಗೆ 9 ವಿಕೆಟ್ ಕಿತ್ತರು. (ಅದೇ 1946ರ ಮೇ ತಿಂಗಳಲ್ಲಿ ಇದೇ ಸರವಟೆ ಲಂಡನ್ನಿನ ಓವಲ್ ಮೈದಾನದಲ್ಲಿ ಸರ್ರೆ ವಿರುದ್ಧ ಕೊನೆಯ ವಿಕೆಟಿಗೆ ಶುಟೆ ಬ್ಯಾನರ್ಜಿ ಜೊತೆ 249 ರನ್ ಸೇರಿಸಿದರು. ಹತ್ತು, ಹನ್ನೊಂದನೇ ನಂಬರಿನವರು ಇಬ್ಬರೂ ಶತಕ ಹೊಡೆದರು. ಅದು ಬೇರೆಯೇ ಕಥೆ.) ಮುನ್ನಡೆ 722. ನಮ್ಮ ಟೂರ್ನಿಯಲ್ಲಾದರೆ ಇಷ್ಟೊತ್ತಿಗೆ ತಂಡ ಬೈಕ್ ಹತ್ತಿ ಊರಿಗೆ ಹೋಗಿರುತ್ತದೆ.

ಮೈಸೂರು ಮತ್ತೆ ಬ್ಯಾಟ್ ಹಿಡಿಯಿತು. 6 ವಿಕೆಟಿಗೆ 509 ರನ್ ಹೊಡೆಯಿತು. ಆದರೂ 213 ರನ್ ಹಿಂದೆಯೇ ಉಳಿಯಿತು, ಹೋಳ್ಕರ್ ಫೈನಲ್‌ಗೆ ಹೋಯಿತು, ಅಲ್ಲಿ ಬರೋಡಾವನ್ನು ಸೋಲಿಸಿ ಮೊದಲ ಸಲ ಟ್ರೋಫಿ ಎತ್ತಿತು. ಅದೆಲ್ಲ ಸರಿ. ಆದರೆ ಆ 509ರಲ್ಲಿ ಒಂದು ಸಾಲಿದೆ: ಗರುಡಾಚಾರ್ 164.

414 ಎಸೆತ ಹಾಕಿದ ತೋಳಿನಿಂದಲೇ ಆ ಬ್ಯಾಟಿಂಗ್. ಅವರ ಪ್ರಥಮ ದರ್ಜೆ ಜೀವನದ ಅತಿ ದೊಡ್ಡ ಸ್ಕೋರ್ ಅದೇ ಪಂದ್ಯದಲ್ಲಿ ಬಂತು. ಎದುರಿನ ತಂಡದ ಜಗದಾಳೆ ಹೊಡೆದದ್ದೂ 164. ಗೆದ್ದ ತಂಡದ 164 ಆರು ಶತಕಗಳ ದಾಖಲೆಯಲ್ಲಿ ಸೇರಿ ಪುಸ್ತಕಕ್ಕೆ ಹೋಯಿತು. ಸೋತ ತಂಡದ 164 ಹೋಗಲಿಲ್ಲ. ಅದೇ ಮನುಷ್ಯನ 301 ಮಾತ್ರ ಹೋಯಿತು. ಎರಡು ಅಂಕಿಯೂ ಒಂದೇ ಹಾಳೆಯ ಮೇಲಿವೆ, ಸ್ವಲ್ಪ ಕೆಳಗೆ ಓದಿದರೆ ಸಿಗುತ್ತವೆ.

ಆ ಕಾಲದಲ್ಲಿ ಇಷ್ಟು ದೊಡ್ಡ ದೊಡ್ಡ ಮೊತ್ತ ಬರುತ್ತಿದ್ದದ್ದು ಯಾಕೆ ಎಂದು ಕೇಳಬಹುದು. ಪಿಚ್‌ಗಳು ರೊಟ್ಟಿ ಬಡಿಯುವ ಕಲ್ಲಿನ ಹಾಗೆ ಚಪ್ಪಟೆ, ಬ್ಯಾಟಿಗೇ ಅನುಕೂಲ. ದೊಡ್ಡ ಪಂದ್ಯಗಳನ್ನು ಫಲಿತಾಂಶ ಬರುವವರೆಗೆ ದಿನಗಟ್ಟಲೆ ಆಡಿಸುತ್ತಿದ್ದರು. ಡಿಕ್ಲೇರ್ ಮಾಡುವ ಅವಸರ ಯಾರಿಗೂ ಇರಲಿಲ್ಲ. 1944-45ರ ಫೈನಲ್‌ನಲ್ಲಿ ಸಿ.ಕೆ. ನಾಯ್ಡು ಅವರ ತಮ್ಮ ಸಿ.ಎಸ್. ನಾಯ್ಡು ಹೋಳ್ಕರ್ ಪರವಾಗಿ ಮುಂಬಯಿ ವಿರುದ್ಧ ಒಂದೇ ಪಂದ್ಯದಲ್ಲಿ 917 ಎಸೆತ ಹಾಕಿ 428 ರನ್ ಕೊಟ್ಟು 11 ವಿಕೆಟ್ ತೆಗೆದರು. ಅಷ್ಟು ಎಸೆತ ಇನ್ನು ಯಾರೂ ಹಾಕುವುದಿಲ್ಲ. ಹಾಕಲಿಕ್ಕೆ ದಿನಗಳೇ ಇಲ್ಲ.

ಇಂದೋರಿನ 912 ಆದ ಮರುವರ್ಷವೇ ಚಕ್ರ ತಿರುಗಿತು. 1946-47ರ ಫೈನಲ್‌ನಲ್ಲಿ ಬರೋಡಾದವರು ಇದೇ ಹೋಳ್ಕರ್ ತಂಡವನ್ನು ಬಿಸಿಲಿನಲ್ಲಿ ಓಡಿಸಿದರು. ಗುಲ್ ಮಹಮ್ಮದ್ 319, ವಿಜಯ್ ಹಜಾರೆ 288, ಇಬ್ಬರ ಜೊತೆಯಾಟ 577. ಯಾವುದೇ ವಿಕೆಟಿಗೆ ಅದು ವಿಶ್ವದಾಖಲೆ, 2006ರಲ್ಲಿ ಶ್ರೀಲಂಕಾದ ಸಂಗಕ್ಕಾರ ಮತ್ತು ಜಯವರ್ಧನೆ ಮುರಿಯುವವರೆಗೆ ನಿಂತಿತ್ತು. ಹೋಳ್ಕರ್ ಇನಿಂಗ್ಸ್ ಮತ್ತು 409 ರನ್ನಿನಿಂದ ಸೋತಿತು. ಹಜಾರೆ ಸಾಂಗ್ಲಿಯವರು. ನಮ್ಮ ಕಡೆಯಿಂದ ಅರಿಷಿಣದ ಪೇಟೆಗೆ ಹೋಗುವ ಸಾಂಗ್ಲಿಯೇ.

ಆ ಆರು ಶತಕದಲ್ಲಿ ಎಲ್ಲಕ್ಕಿಂತ ದೊಡ್ಡದು, 172, ಭಾವುಸಾಹೇಬ ನಿಂಬಾಳ್ಕರ್ ಅವರದ್ದು. ಅವರು ಹುಟ್ಟಿದ್ದು ಕೊಲ್ಹಾಪುರದಲ್ಲಿ, 1919ರ ಡಿಸೆಂಬರಿನಲ್ಲಿ. ಹತ್ತರಗಿ ಟೋಲಿನಲ್ಲಿ ನಿಂತು ಪುಣೆ ದಿಕ್ಕಿಗೆ ಬಸ್ ಹತ್ತಿದರೆ ಸಂಕೇಶ್ವರ, ನಿಪ್ಪಾಣಿ, ಕಾಗಲ್ ದಾಟಿ ಕೊಲ್ಹಾಪುರ. ಮಹಾಲಕ್ಷ್ಮಿ ದರ್ಶನಕ್ಕೆ, ಬೆಲ್ಲದ ಪೇಟೆಗೆ, ಬೀಗರ ಮನೆಗೆ ನಾವು ಹೋಗಿ ಬರುವ ಊರು.

ಈಗ ನನಗೆ ಒಂದು ಪ್ರಶ್ನೆ ಬರುತ್ತದೆ. ಆ ಪಂದ್ಯದ ಸುದ್ದಿ ಅವತ್ತು ಹತ್ತರಗಿಗೆ ಬಂದಿದ್ದರೆ ನಮ್ಮ ಹಿರಿಯರು ಯಾರ ಕಡೆ ಇರುತ್ತಿದ್ದರು? ಈಗಿನ ತಲೆಯಲ್ಲಿ ಉತ್ತರ ಸುಲಭ, ಮೈಸೂರು ಅಂದರೆ ಕರ್ನಾಟಕ, ಅದು ನಮ್ಮದು. ಆದರೆ 1946ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರು ಬೇರೆ ರಾಜರ ಸಂಸ್ಥಾನ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಹತ್ತು ವರ್ಷ ಮೊದಲು ಗರುಡಾಚಾರ್ ನಮ್ಮ ಭಾಷೆಯ ನಾಡಿನ ತಂಡದವರು, ನಿಂಬಾಳ್ಕರ್ ನಮ್ಮ ರಸ್ತೆಯ ಮನುಷ್ಯ. ಗಡಿಯಲ್ಲಿ ಇರುವವರಿಗೆ ಸ್ಕೋರ್ ಕಾರ್ಡಿನ ಎರಡೂ ಬದಿ ಓದುವುದು ಅನಿವಾರ್ಯ. ನನಗೆ ಅದು ನಷ್ಟ ಅನ್ನಿಸುವುದಿಲ್ಲ.

ನಿಂಬಾಳ್ಕರ್ ಅವರಿಗೂ ಲೆಕ್ಕದ ಪುಸ್ತಕ ನ್ಯಾಯ ಮಾಡಲಿಲ್ಲ. 1948ರ ಡಿಸೆಂಬರಿನಲ್ಲಿ ಅವರು ಮಹಾರಾಷ್ಟ್ರ ತಂಡಕ್ಕೆ ಪುಣೆಯಲ್ಲಿ ಕಾಠಿಯಾವಾಡ ವಿರುದ್ಧ ಆಡಿದರು. ಕಾಠಿಯಾವಾಡ 238ಕ್ಕೆ ಆಲೌಟ್. ಆಮೇಲೆ ನಿಂಬಾಳ್ಕರ್ ಬ್ಯಾಟ್ ಹಿಡಿದವರು ಬಿಡಲೇ ಇಲ್ಲ. ಇಂದೋರಿನಲ್ಲಿ 142 ಹೊಡೆದ ಭಾಂಡಾರ್ಕರ್ ಇಲ್ಲಿಯೂ ಜೊತೆಗೆ, 205 ಹೊಡೆದರು. ಇಬ್ಬರ ಜೊತೆಯಾಟ 455. ಮೂರನೇ ದಿನ ಊಟದ ಹೊತ್ತಿಗೆ ಮಹಾರಾಷ್ಟ್ರ 4 ವಿಕೆಟಿಗೆ 826. ನಿಂಬಾಳ್ಕರ್ 443, ಇನ್ನೂ ಔಟಾಗಿಲ್ಲ. ಆಗಿನ ವಿಶ್ವದಾಖಲೆ 1930ರಲ್ಲಿ ಡಾನ್ ಬ್ರಾಡ್ಮನ್ ಹೊಡೆದ ಅಜೇಯ 452. ಸರಿಗಟ್ಟಲು 9 ರನ್ ಬೇಕು, ದಾಟಲು 10.

ಅಷ್ಟರಲ್ಲಿ ಕಾಠಿಯಾವಾಡದ ನಾಯಕ, ರಾಜಕೋಟದ ಠಾಕೂರ್ ಸಾಹೇಬರು, ಇನ್ನು ಆಡುವುದಿಲ್ಲ ಎಂದರು. ತಮ್ಮ ತಂಡದ ವಿರುದ್ಧ ಅಂಥ ದಾಖಲೆ ಬರೆಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಪಂದ್ಯ ಬಿಟ್ಟುಕೊಟ್ಟು ತಂಡ ಕಟ್ಟಿಕೊಂಡು ಹೊರಟರು. ನಮ್ಮ ಹುಡುಗ ನಾಲ್ಕು ರನ್ ಬೈ ಮಾಡಲು ಕೇಳಿದ. ಠಾಕೂರ್ ಸಾಹೇಬರು ಆಟವನ್ನೇ ನಿಲ್ಲಿಸಿಬಿಟ್ಟರು. ಇಬ್ಬರದ್ದೂ ಒಂದೇ ಹೆದರಿಕೆ, ಒಬ್ಬನಿಗೆ ಅಧಿಕಾರ ಇರಲಿಲ್ಲ ಅಷ್ಟೇ.

443 ಅಲ್ಲಿಗೇ ನಿಂತಿತು. ರಣಜಿಯಲ್ಲಿ ಅದಕ್ಕಿಂತ ದೊಡ್ಡ ಸ್ಕೋರ್ ಇವತ್ತಿಗೂ ಬಂದಿಲ್ಲ. ಆ ಇನಿಂಗ್ಸ್ ಆಡಿದವರಿಗೆ ಭಾರತದ ಪರ ಒಂದೇ ಒಂದು ಅಧಿಕೃತ ಟೆಸ್ಟ್ ಆಡುವ ಅವಕಾಶ ಸಿಗಲಿಲ್ಲ. ಗರುಡಾಚಾರ್ ಅವರಿಗೂ ಸಿಗಲಿಲ್ಲ. ನಿಂಬಾಳ್ಕರ್ 2012ರ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಗರುಡಾಚಾರ್ 2016ರ ಫೆಬ್ರವರಿಯಲ್ಲಿ, 99ನೇ ವಯಸ್ಸಿನಲ್ಲಿ. ತಮ್ಮ ತಂಡ ಕರ್ನಾಟಕ ಎಂದು ಹೆಸರು ಬದಲಿಸಿಕೊಂಡು 1973-74ರಲ್ಲಿ ಮುಂಬಯಿಯ ಹದಿನೈದು ವರ್ಷದ ಸಾಲುಗೆಲುವು ಮುರಿದು ಮೊದಲ ರಣಜಿ ಗೆದ್ದದ್ದನ್ನು ಅವರು ಕಂಡರು. ಆ ಹೊತ್ತಿಗೆ ಹೋಳ್ಕರ್ ಎಂಬ ತಂಡವೇ ಇರಲಿಲ್ಲ. ಸಂಸ್ಥಾನ ಹೋದ ಮೇಲೆ ಕೆಲವು ವರ್ಷದಲ್ಲಿ ತಂಡವೂ ಹೋಗಿತ್ತು.

ಇದನ್ನೆಲ್ಲ ಇವತ್ತು ಫೋನಿನಲ್ಲಿ ಓದಲು ಸಾಧ್ಯವಾದದ್ದು ಇಂದೋರಿನ ಬಿಸಿಲಿನಲ್ಲಿ ಯಾರೋ ಕುಳಿತು ಚೆಂಡಿಗೊಂದು ಚುಕ್ಕೆ ಇಟ್ಟಿದ್ದರಿಂದ. ಸ್ಕೋರರ್ ಇಬ್ಬರಿರುತ್ತಾರೆ, ತಂಡಕ್ಕೊಬ್ಬ. ಪ್ರತಿ ಓವರಿಗೂ ಇಬ್ಬರೂ ತಾಳೆ ನೋಡುತ್ತಾರೆ. ಬ್ಯಾಟ್ಸ್‌ಮನ್‌ಗಳ ರನ್ ಮತ್ತು ಇತರೆ ಕೂಡಿಸಿದರೆ ಒಟ್ಟು ಮೊತ್ತ ಬರಬೇಕು, ಬೌಲರುಗಳು ಕೊಟ್ಟದ್ದರ ಕಡೆಯಿಂದ ಕೂಡಿಸಿದರೂ ಅದೇ ಬರಬೇಕು. ಕಿರಾಣಿ ಅಂಗಡಿಯ ಜಮಾ ಖರ್ಚಿನ ಹಾಗೆ. ಒಂದು ಕಡೆ ಸುಳ್ಳು ಬರೆದರೆ ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ. ಆ ದಿನ 912ನ್ನು ಹೀಗೆ ತಾಳೆ ಹಾಕಿ ಮುಗಿಸುವಾಗ ಮೈಸೂರಿನ ಸ್ಕೋರರನ ಪೆನ್ಸಿಲ್ ಎಷ್ಟು ಸಲ ಚೂಪಾಗಿರಬೇಕು!

ನಮ್ಮ ಟೂರ್ನಿಗಳ ಪುಸ್ತಕ ಎಲ್ಲಿವೆ ಎಂದು ನಾನು ಆ ಸ್ಕೋರರನನ್ನು ಕೇಳಿದೆ. ಹತ್ತು ಹನ್ನೆರಡು ವರ್ಷದಿಂದ ಬರೆಯುತ್ತಿದ್ದಾನೆ. "ಹ್ವಾದ ವರ್ಷದ್ದು ಐತಿ" ಅಂದ. "ಅದರ ಹಿಂದಿನವು ಮನ್ಯಾಗ ಎಲ್ಲೋ ಇದ್ದು. ಮಳಿಗಾಲದಾಗ ನೀರ ಬಂದಾಗ ಹ್ವಾದವ್ರಿ. ಈಗೆಲ್ಲ ಮೊಬೈಲ್ ಆ್ಯಪಿನ್ಯಾಗ ಹಾಕ್ತೀವಿ."

ಹೋದ ವರ್ಷದ್ದನ್ನು ತೆಗೆದು ತೋರಿಸಿದ. ಇನ್ನೂರು ಪುಟದ ಶಾಲೆಯ ನೋಟ್ ಬುಕ್, ಸ್ಕೇಲ್ ಇಟ್ಟು ಗೆರೆ ಎಳೆದದ್ದು. ಕೆಲವು ಹೆಸರು ಪೂರ್ತಿ ಇಲ್ಲ, "ಟ್ರ್ಯಾಕ್ಟರ್ ಬಸ್ಯಾ", "ಡೇರಿ ಮಂಜ್ಯಾ" ಎಂದೇ ಇವೆ. ಕೂಡಿಸಿ ನೋಡಿದೆ. ಮೂರು ಮ್ಯಾಚಿನಲ್ಲಿ ಎರಡು ತಾಳೆಯಾದವು, ಒಂದರಲ್ಲಿ ನಾಲ್ಕು ರನ್ ಎಲ್ಲಿಂದ ಬಂದವೋ ತಿಳಿಯಲಿಲ್ಲ. ಅವನೂ ತಲೆ ಕೆರೆದುಕೊಂಡ. ಮೂರೂ ಮ್ಯಾಚಿನ ಪುಟಗಳ ಫೋಟೋ ತೆಗೆದುಕೊಂಡು ಬಂದಿದ್ದೇನೆ.